ಪಕ್ಷಾಂತರಿ, ರಣಹೇಡಿ, ದ್ರೋಹಿ: ಯಾರಿಗೆ ಯಾವ ಪದ?

ಬಿಟ್ಟು ಹೋದವರನ್ನೆಲ್ಲ ಸುಮ್ನೆ ದ್ರೋಹಿ ಅಂತ ಬರೆದುಬಿಡಬೇಡಿ. ಮೊದಲು ಎರಡು ವಿಷಯ ನೋಡಿ. ಅವನು ಬರೀ ಓಡಿಹೋದನಾ, ಎದುರು ಕಡೆ ಸೇರಿದನಾ? ಹೇಳಿ ಹೋದನಾ, ಒಳಗಿದ್ದೇ ಕೈಕೊಟ್ಟನಾ?

ಹೆದರಿ ಯುದ್ಧದಿಂದ ಓಡಿದವನು ರಣಹೇಡಿ. ವಿರಾಟಪರ್ವದ ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಂಡು ಹೊರಟು, ಕೌರವ ಸೇನೆ ಕಂಡದ್ದೇ ರಥದಿಂದ ಹಾರಿ ಓಡುತ್ತಾನೆ. 'ಉತ್ತರನ ಪೌರುಷ ಒಲೆಯ ಮುಂದೆ' ಅನ್ನುವ ಗಾದೆ ಬಂದದ್ದು ಅಲ್ಲಿಂದಲೇ. ಆದರೆ ಅವನು ಕೌರವರನ್ನು ಸೇರಲಿಲ್ಲ, ಹಾಗಾಗಿ ದ್ರೋಹಿಯಲ್ಲ. ಯುಯುತ್ಸು ಇದಕ್ಕೆ ತದ್ವಿರುದ್ಧ. ಧೃತರಾಷ್ಟ್ರನ ಮಗನಾಗಿಯೂ ಯುದ್ಧ ಶುರುವಾಗುವ ಮುಂಚೆ, ಎರಡೂ ಸೇನೆಗಳ ಕಣ್ಣೆದುರೇ ಪಾಂಡವರ ಕಡೆ ಬಂದ. ಕಡೆ ಬದಲಿಸಿದ್ದು ನಿಜ, ಆದರೆ ಹೇಡಿ ಅನ್ನಲಾಗದು, ಬೆನ್ನಿಗೆ ಚೂರಿ ಹಾಕಿದ ಅನ್ನಲೂ ಆಗದು.

ಇಂದಿನ ಸೈನಿಕನ ಬಗ್ಗೆ ಬರೆಯುವಾಗ ರಣಹೇಡಿ ಬೇಡ. 1950ರ ಸೇನಾ ಕಾಯ್ದೆಯಲ್ಲಿ ಸೇನೆ ತೊರೆದು ಹೋಗುವುದು 38ನೇ ಸೆಕ್ಷನ್, ರಜೆ ಇಲ್ಲದೆ ಗೈರಾಗುವುದು 39. ಮರಳಿ ಬರುವ ಮನಸ್ಸಿತ್ತಾ ಅನ್ನುವುದೇ ಇಲ್ಲಿ ಮುಖ್ಯ. 'ಸೇನೆ ಬಿಟ್ಟು ಪರಾರಿಯಾದ' ಅಂದರೆ ಸಾಕು, ಅವನು ಹೆದರಿದ್ದನೋ ಇಲ್ಲವೋ ನಮಗೇನು ಗೊತ್ತು?

ಪಕ್ಷಾಂತರಿ ರಾಜಕೀಯದ ಪದ. 1967ರಲ್ಲಿ ಹರಿಯಾಣದ ಗಯಾ ಲಾಲ್ ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದ ಮೇಲೆ 'ಆಯಾ ರಾಮ್ ಗಯಾ ರಾಮ್' ಮಾತು ದೇಶವೆಲ್ಲ ಹಬ್ಬಿತು. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಹತ್ತನೇ ಅನುಸೂಚಿಯನ್ನು, ಅಂದರೆ ಪಕ್ಷಾಂತರ ನಿಷೇಧ ಕಾನೂನನ್ನು ತಂದಿತು. ನಮ್ಮಲ್ಲಿ 2019ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಮೈತ್ರಿ ಸರ್ಕಾರದ ವಿರುದ್ಧ ನಿಂತಾಗ ಪತ್ರಿಕೆಗಳಲ್ಲಿ 'ಅತೃಪ್ತ ಶಾಸಕರು' ಆಗಿದ್ದವರು, ಸ್ಪೀಕರ್ 17 ಜನರ ಸದಸ್ಯತ್ವ ರದ್ದು ಮಾಡಿದ ಮೇಲೆ 'ಅನರ್ಹ ಶಾಸಕರು' ಆದರು, ಬಿಟ್ಟ ಪಕ್ಷದವರ ಬಾಯಲ್ಲಂತೂ 'ಪಕ್ಷದ್ರೋಹಿಗಳು'. ಅತೃಪ್ತ ಅಂದರೆ ಸಿಟ್ಟಿಗೆ ಕಾರಣ ಇದೆ ಅನ್ನಿಸುತ್ತದೆ, ಅಲ್ವಾ? ಅನರ್ಹ ಅನ್ನುವುದು ಕಾನೂನಿನ ಮಾತು. ಪಕ್ಷದ್ರೋಹಿ ಅನ್ನುವುದು ಬೈಗುಳ, ಅದನ್ನು ಯಾರು ಅಂದರು ಅಂತ ಹೇಳಿಯೇ ಬಳಸಿ.

ದ್ರೋಹಿ ಅನ್ನಬೇಕಾದರೆ ನಂಬಿಕೆ ಮುರಿದಿರಬೇಕು. 1799ರ ಶ್ರೀರಂಗಪಟ್ಟಣದ ಕಥೆ ಹೇಳುವಾಗ ಜನ ಮೀರ್ ಸಾದಿಕ್‌ನನ್ನು ಪಕ್ಷಾಂತರಿ ಅನ್ನುವುದಿಲ್ಲ. ಟಿಪ್ಪುವಿನ ಆಸ್ಥಾನದಲ್ಲಿದ್ದುಕೊಂಡೇ ಇಂಗ್ಲಿಷರಿಗೆ ನೆರವಾದ ಅನ್ನುವುದೇ ಅವನ ಮೇಲಿನ ಆರೋಪ. 'ಉಂಡ ಮನೆಗೆ ಎರಡು ಬಗೆದ' ಅನ್ನುವ ಮಾತು ಇಂಥವರಿಗೇ ಹೊಂದುತ್ತದೆ.

ಕೋರ್ಟಿನಲ್ಲಿ ಮಾತು ಬದಲಿಸಿದ ಸಾಕ್ಷಿಗೆ ಇವು ಯಾವುವೂ ಬೇಡ, 'ಪ್ರತಿಕೂಲ ಸಾಕ್ಷಿ' ಅಂತ ಬರೆಯಿರಿ.