ಶೆಲ್ಟರ್ ಗೇಟಿನಲ್ಲಿ ಮರಿ ಬಿಡಬೇಡಿ

ಮಳೆ ಮುಗಿದು ಚಳಿ ಬೀಳುವ ಹೊತ್ತಿಗೆ ನಮ್ಮೂರುಗಳಲ್ಲಿ ಬೀದಿನಾಯಿಗಳು ಮರಿ ಹಾಕುತ್ತವೆ. ಅದರ ಹಿಂದೆಯೇ, ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ನಮ್ಮ ಶೆಲ್ಟರ್ ಗೇಟಿನ ಮುಂದೆ ಮರಿಗಳಿರುವ ರಟ್ಟಿನ ಡಬ್ಬಗಳು ಕಾಣಿಸಿಕೊಳ್ಳುತ್ತವೆ. ತಂದವರದು ಒಳ್ಳೆಯ ಮನಸ್ಸೇ. ಜೊತೆಗೆ ಅಕ್ಕಿ ಮೂಟೆಯನ್ನೋ ಐನೂರು ರೂಪಾಯಿಯನ್ನೋ ಕೊಟ್ಟು, "ಇಲ್ಲಿ ಸೇಫ್ ಆಗಿರುತ್ವೆ ಅಲ್ವಾ ಡಾಕ್ಟ್ರೇ?" ಅಂತ ಕೇಳುತ್ತಾರೆ. ಇರುವುದಿಲ್ಲ. ಪುಟ್ಟ ಮರಿಗೆ ಶೆಲ್ಟರ್‌ನಷ್ಟು ಅಪಾಯದ ಜಾಗ ಇನ್ನೊಂದಿಲ್ಲ.

ಕಾರಣ ಪಾರ್ವೊ. ಈ ವೈರಾಣು, ಕಾಯಿಲೆ ಬಿದ್ದ ನಾಯಿಯ ಮಲದಿಂದ ನೆಲಕ್ಕೆ ಸೇರಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನೈಲಿಗೆ ಜಗ್ಗುವುದಿಲ್ಲ, ನೆಲವನ್ನು ಉಜ್ಜಿ ತೊಳೆದ ಮೇಲೆ ಬ್ಲೀಚ್ ಹಾಕಬೇಕು. ಮಣ್ಣಿನ ಅಂಗಳಕ್ಕೆ ಅದೂ ನಾಟುವುದಿಲ್ಲ. ಸೋಂಕು ತಗುಲಿದ ಮರಿ ಸಾಮಾನ್ಯವಾಗಿ 3ರಿಂದ 7 ದಿನದಲ್ಲಿ ಊಟ ಬಿಟ್ಟು ವಾಂತಿ ಮಾಡುತ್ತದೆ, ಆಮೇಲೆ ರಕ್ತಭೇದಿ. ಆ ವಾಸನೆ ನಮ್ಮ ವಾರ್ಡಿನಲ್ಲಿ ಕೆಲಸ ಮಾಡುವ ಯಾರಿಗೂ ಮರೆಯುವಂಥದ್ದಲ್ಲ. ಕಡ್ಡಿಯಂಥ ಮುಂಗಾಲಿನಲ್ಲಿ ನರ ಹುಡುಕಿ ಡ್ರಿಪ್ ಹಾಕುತ್ತೇವೆ. ಕೆಲವು ಉಳಿಯುತ್ತವೆ, ಎಷ್ಟೋ ಉಳಿಯುವುದಿಲ್ಲ.

"ಒಂದು ಇಂಜೆಕ್ಷನ್ ಹಾಕಿಸೇ ತಂದಿದ್ದೀವಿ" ಅನ್ನುವವರಿಗೆ ಎಷ್ಟು ಸಲ ಹೇಳಿದರೂ ಇನ್ನೊಮ್ಮೆ ಹೇಳುತ್ತೇನೆ: ಒಂದು ಸಾಲದು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲ. ಆ ರಕ್ಷಣೆ ಯಾವ ಮರಿಗೆ ಯಾವ ವಾರ ಇಳಿಯುತ್ತದೆಂದು ನೋಡಿ ಹೇಳಲಾಗದು. ಅದಕ್ಕೇ 6ರಿಂದ 8ನೇ ವಾರಕ್ಕೆ ಶುರುಮಾಡಿ, 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕುವುದು. ಮಧ್ಯದ ಅಷ್ಟೂ ದಿನ ಮರಿ ಅರೆರಕ್ಷಣೆಯಲ್ಲೇ ಇರುತ್ತದೆ.

ಆ ದಿನಗಳಿಗೆ ಬೇಕಾದದ್ದು ನಿಮ್ಮ ಮನೆಯ ಒಂದು ಮೂಲೆ. ದೇಣಿಗೆ ಬೇಡ ಅನ್ನುತ್ತಿಲ್ಲ, ಔಷಧಿ ಅಂಗಡಿಯ ಬಾಕಿ ನಮಗೂ ಇರುತ್ತದೆ. ಆದರೆ ಬಚ್ಚಲಲ್ಲಿ ಹಳೇ ಪೇಪರ್ ಹಾಸಿ ಎರಡು ಮರಿ ಸಾಕಿಕೊಟ್ಟವರ ಉಪಕಾರ ದೊಡ್ಡದು. ಒಬ್ಬ ಆಟೋ ಚಾಲಕರು ಕಟ್ಟಡದ ಮರಳುರಾಶಿಯಲ್ಲಿ ಸಿಕ್ಕ ಮರಿಗಳನ್ನು ತಂದಾಗ ಇದನ್ನೇ ಹೇಳಿದೆ. ಒಂಟಿ ಕೋಣೆಯ ಮನೆ, ಆಗಲ್ಲ ಅಂತಾರೆ ಅಂದುಕೊಂಡೆ. "ಅಮ್ಮ ಬೈತಾರೆ, ಆಮೇಲೆ ಅವರೇ ನೋಡ್ಕೋತಾರೆ" ಅಂದು ವಾಪಸ್ ಕರೆದುಕೊಂಡು ಹೋದರು. ಅಮ್ಮ ನೋಡಿಕೊಂಡರು, ಎಲ್ಲವಕ್ಕೂ ಅದೇ ಬೀದಿಯಲ್ಲಿ ಮನೆ ಸಿಕ್ಕಿತು.

ಎಲ್ಲ ಮರಿಗೂ ಒಂದೇ ಕ್ರಮ ನಡೆಯದು. ಕಣ್ಣು ಬಿಡದ ಮರಿಗೆ ಮೊದಲು ಶಾಖ ಬೇಕು; ಹಸುವಿನ ಹಾಲಿನಿಂದ ಭೇದಿಯಾಗಬಹುದು, ವೈದ್ಯರನ್ನು ಕೇಳಿ ಕುಡಿಸಿ. ಮನೆಯಲ್ಲಿ ಲಸಿಕೆಯಾಗದ ನಾಯಿಯಿದ್ದರೆ ತರಲೇಬೇಡಿ. ಮರಿಯ ಹಲ್ಲೋ ಉಗುರೋ ತಾಗಿ ಗಾಯವಾದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಎತ್ತಿಕೊಳ್ಳುವ ಮೊದಲು ದೂರ ನಿಂತು ಕೆಲವು ಗಂಟೆ ಕಾಯಿರಿ. "ತಾಯಿ ಇಲ್ಲ" ಎಂದು ತಂದ ಎಷ್ಟೋ ಮರಿಗಳ ತಾಯಿ ಊಟ ಹುಡುಕಿ ಹೋಗಿರುತ್ತದೆ. ಅದು ಬಂದರೆ ಮರಿ ಅಲ್ಲೇ ಇರಲಿ, ತಾಯಿಗೆ ಊಟ ಹಾಕಿ. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಲು ಪಾಲಿಕೆಗೆ ತಿಳಿಸಿ.