ಡೀಕ್ಲೋರಿನೇಶನ್ ಅಂದ್ರೆ ಪ್ಲಾಸ್ಟಿಕ್ ತೊಳೆಯೋದಲ್ಲ

ಪ್ಲಾಸ್ಟಿಕ್ ಕಸವನ್ನ ಚೆನ್ನಾಗಿ ತೊಳೆದು ಡೀಕ್ಲೋರಿನೇಟ್ ಮಾಡಿ ರೀಸೈಕಲ್‌ಗೆ ಕಳಿಸ್ತಾರೆ ಅಂತ ಬರೆಯೋರು ಜಾಸ್ತಿ ಆಗ್ತಿದಾರೆ. ನಲ್ಲಿ ನೀರನ್ನ ಒಂದು ರಾತ್ರಿ ತೆರೆದಿಟ್ರೆ ಕ್ಲೋರಿನ್ ವಾಸನೆ ಹೋಗುತ್ತಲ್ಲ, ಅದನ್ನೇ ತಲೇಲಿಟ್ಕೊಂಡು ಬರೀತಾರೆ ಅನ್ಸುತ್ತೆ. ಡೀಕ್ಲೋರಿನೇಶನ್ ಅಂದ್ರೆ ಪ್ಲಾಸ್ಟಿಕ್ಕಿನ ಒಳಗೇ ಬೆಸೆದಿರೋ ಕ್ಲೋರಿನ್ನನ್ನ ಬಿಡಿಸಿ ತೆಗೆಯೋದು. ಪೈಪು, ವೈರಿನ ಸಿಪ್ಪೆ ಮಾಡೋ ಪಿವಿಸಿ ಪ್ಲಾಸ್ಟಿಕ್‌ನಲ್ಲಿ ಕ್ಲೋರಿನ್ ಮೇಲೆ ಅಂಟ್ಕೊಂಡಿರಲ್ಲ. ಇಂಗಾಲದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಬೆಸೆದಿರುತ್ತೆ, ಏನೂ ಬೆರೆಸದ ಪಿವಿಸಿ ತೂಕದಲ್ಲಿ ಸುಮಾರು 57% ಅದೇ. ತೊಳೆದ್ರೆ ಹೋಗೋದು ಉಪ್ಪಿನಕಾಯಿ ಕವರಲ್ಲಿ ಉಳಿದ ಉಪ್ಪು, ಅದರಲ್ಲೂ ಕ್ಲೋರಿನ್ ಇದೆ, ಅದೂ ಹೋಗ್ಬೇಕು, ಆದ್ರೆ ಆ ಲೆಕ್ಕ ಬೇರೆ.

ಇನ್ನೊಂದು ತಪ್ಪು, ಪಿವಿಸಿ ಕಾಯಿಸಿದ್ರೆ ಕ್ಲೋರಿನ್ ಗ್ಯಾಸ್ ಹೊರಗೆ ಬರುತ್ತೆ ಅನ್ನೋದು. ಇಲ್ಲ. ಪಿವಿಸಿಯನ್ನ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದ್ರೆ ಕ್ಲೋರಿನ್ ಪಕ್ಕದ ಹೈಡ್ರೋಜನ್ನನ್ನೂ ಎಳ್ಕೊಂಡು ಹೈಡ್ರೋಜನ್ ಕ್ಲೋರೈಡ್ ಆಗಿ ಹೋಗುತ್ತೆ, ನೀರಿಗೆ ಸೇರಿದ್ರೆ ಅದೇ ಹೈಡ್ರೋಕ್ಲೋರಿಕ್ ಆಸಿಡ್. ಅದಕ್ಕೇ ಸರಿಯಾದ ಹೆಸರು ಡೀಹೈಡ್ರೋಕ್ಲೋರಿನೇಶನ್. ಹೊರಬಂದ ಆ ಗ್ಯಾಸೇ ಮಿಕ್ಕ ಕ್ಲೋರಿನ್ ಬೇಗ ಕಳಚೋ ಹಾಗೆ ಮಾಡುತ್ತೆ. ಉಳಿಯೋ ಕಪ್ಪು ಸರಪಳಿ ಒಡೆದು ಎಣ್ಣೆ ಆಗೋಕೆ 400 ಡಿಗ್ರಿ ದಾಟ್ಬೇಕು. ಈ ಎರಡು ಹಂತದ ನಡುವಿನ ಅಂತರಾನೇ ಇಡೀ ಕೆಲಸದ ಜೀವಾಳ, ಯಾಕಂದ್ರೆ ಎಲ್ಲಾ ಒಂದೇ ರಿಯಾಕ್ಟರ್‌ಗೆ ಸುರಿದು ಒಂದೇ ಸಲ ಕಾಯಿಸಿದ್ರೆ ಆಸಿಡ್ ಉಕ್ಕನ್ನ ತಿನ್ನುತ್ತೆ, ಕ್ಲೋರಿನ್ ಎಣ್ಣೆಗೂ ಸೇರುತ್ತೆ, ಆ ಎಣ್ಣೆಯನ್ನ ಮತ್ತೆ ಪ್ಲಾಸ್ಟಿಕ್ ಮಾಡೋಕೆ ಕ್ರ್ಯಾಕರ್‌ಗೆ (ಎಣ್ಣೆಯನ್ನ ಬಿಸಿಯಲ್ಲಿ ಸಣ್ಣ ಅಣುಗಳಾಗಿ ಒಡೆಯೋ ಘಟಕ) ಕೊಡ್ಬೇಕಂದ್ರೆ ಕ್ಲೋರಿನ್ ಹತ್ತು ಲಕ್ಷಕ್ಕೆ ಕೆಲವೇ ಭಾಗ ಇರ್ಬೇಕು.

ಪಿವಿಸಿ ಆರಿಸಿ ಆಚೆ ಹಾಕೋದಕ್ಕೂ ಡೀಕ್ಲೋರಿನೇಶನ್ ಅನ್ಬಾರ್ದು, ಅದು ಸಾರ್ಟಿಂಗ್. ಸಾರ್ಟಿಂಗೂ ಸುಲಭ ಅಲ್ಲ, ಪೆಟ್ ಬಾಟಲಿ ಚೂರು, ಪಿವಿಸಿ ಚೂರು ಎರಡೂ ನೀರಲ್ಲಿ ಮುಳುಗ್ತವೆ, ಸಾಂದ್ರತೆ ಹೆಚ್ಚುಕಮ್ಮಿ ಒಂದೇ. ತಪ್ಪಿ ಸೇರಿದ ಪಿವಿಸಿ ಪೆಟ್ ಕರಗೋ ಬಿಸಿಗೆ ಕರಕಲಾಗಿ ಇಡೀ ಲಾಟಲ್ಲಿ ಕಪ್ಪು ಚುಕ್ಕಿ ಬಿಡುತ್ತೆ. ಯಾವ ಚೂರಲ್ಲಿ ಕ್ಲೋರಿನ್ ಇದೆ ಅಂತ ನೋಡೋಕೆ ಹಳೇ ಪರೀಕ್ಷೆ ಒಂದಿದೆ. ತಾಮ್ರದ ತಂತಿಯನ್ನ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್‌ಗೆ ತಾಗಿಸಿ ಮತ್ತೆ ಉರಿಗೆ ಹಿಡಿದ್ರೆ ಜ್ವಾಲೆ ಹಸಿರಾಗುತ್ತೆ. ಫ್ಲೆಕ್ಸ್ ಬ್ಯಾನರ್, ವೈರಿನ ಸಿಪ್ಪೆ ಎರಡಕ್ಕೂ ಹಸಿರು ಬರುತ್ತೆ, ಹಾಲಿನ ಕವರಿಗೆ ಬರಲ್ಲ. ಹೊಗೆ ಕೆಟ್ಟದ್ದು, ಮನೆಯೊಳಗೆ ಮಾಡ್ಬೇಡಿ. ಗುಜರಿಯಲ್ಲಿ ತಾಮ್ರಕ್ಕೋಸ್ಕರ ವೈರ್ ಸುಡೋದಂತೂ ಡೀಕ್ಲೋರಿನೇಶನ್ ಅಲ್ವೇ ಅಲ್ಲ, ಆಸಿಡ್ ಗ್ಯಾಸ್ ನೇರ ಸುಡೋರ ಎದೆಗೆ ಹೋಗುತ್ತೆ, ಜತೆಗೆ ಡಯಾಕ್ಸಿನ್ ಅನ್ನೋ ವಿಷ.

ಬಂದ ಆಸಿಡನ್ನ ಹಿಡಿದ್ರೆ ಮಾತ್ರ ಡೀಕ್ಲೋರಿನೇಶನ್ ಅನ್ನೋ ಹೆಸರು ಸಲ್ಲುತ್ತೆ. ಸುಣ್ಣಕ್ಕೆ ಹೀರಿಸಿದ್ರೆ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತೆ. ಜಪಾನಿನ ಕವಾಸಾಕಿಯಲ್ಲಿ 1996ರಿಂದ ಪ್ಲಾಸ್ಟಿಕ್ ಕಸವನ್ನ ಕೋಕ್‌ನ (ಕಲ್ಲಿದ್ದಲಿಂದ ಮಾಡೋ ಇಂಧನ) ಒಂದು ಪಾಲಿನ ಬದಲು ಬ್ಲಾಸ್ಟ್ ಫರ್ನೇಸಿಗೆ (ಕಬ್ಬಿಣದ ಅದಿರು ಕರಗಿಸೋ ಕುಲುಮೆ) ಹಾಕ್ತಿದ್ದ ಉಕ್ಕಿನ ಕಾರ್ಖಾನೆಯೋರು ಆಮೇಲೆ ಪಿವಿಸಿಗೇ ಅಂತ ಬೇರೆ ತಿರುಗೋ ಕುಲುಮೆ ಇಟ್ಟು, ಮೊದಲು ಹೈಡ್ರೋಜನ್ ಕ್ಲೋರೈಡ್ ಬಿಡಿಸಿ, ಉಳಿದ ಕಪ್ಪು ಚರಟವನ್ನ ಫರ್ನೇಸಿಗೆ ಕಳಿಸೋದನ್ನ ಮಾಡಿ ತೋರಿಸಿದ್ರು. ಬಿಡಿಸಿದ ಆಸಿಡೂ ಅಲ್ಲಿ ದಂಡ ಆಗಲ್ಲ, ಉಕ್ಕಿನ ಹಾಳೆಯ ತುಕ್ಕು ತೆಗೆಯೋಕೆ ಹೇಗೂ ಹೈಡ್ರೋಕ್ಲೋರಿಕ್ ಆಸಿಡ್ ಬೇಕೇ ಬೇಕು.