ಗನ್ ಬೈಬ್ಯಾಕ್: ಮಾರದೇ ಇದ್ದದ್ದನ್ನು ವಾಪಸ್ ಕೊಳ್ಳುವುದು

ಬೈಬ್ಯಾಕ್ ಅಂದ ಕೂಡಲೇ ನಮಗೆ ನೆನಪಾಗುವುದು ಷೇರು. ಇನ್ಫೋಸಿಸ್‌ನಂಥ ಕಂಪನಿ ತಾನು ಕೊಟ್ಟ ಷೇರನ್ನು ತಾನೇ ವಾಪಸ್ ಕೊಳ್ಳುತ್ತದೆ. ಅಲ್ಲಿ ಪದ ಸರಿಯಾಗಿದೆ. ಅಮೆರಿಕದ ಸುದ್ದಿಗಳಲ್ಲಿ ಬರುವ 'ಗನ್ ಬೈಬ್ಯಾಕ್' ಮಾತ್ರ ವಿಚಿತ್ರ. ಬಂದೂಕಿನ ಅಪರಾಧ ಕಡಿಮೆಯಾಗಲಿ ಅಂತ ಜನರ ಬಳಿ ಇರುವ ಬಂದೂಕನ್ನು ದುಡ್ಡು ಕೊಟ್ಟು ಪಡೆಯುವುದಕ್ಕೆ ಈ ಹೆಸರು. ಜನರ ಮನೆಯಲ್ಲಿರುವ ಪಿಸ್ತೂಲನ್ನು ಸರ್ಕಾರ ಮಾರಿರಲೇ ಇಲ್ಲ. ಮತ್ತೆ ವಾಪಸ್ ಕೊಳ್ಳೋದೇನು ಬಂತು? ಬಂದೂಕು ಖರೀದಿ ಅಂದಿದ್ದರೆ ಸಾಕಿತ್ತು, ಅಲ್ವಾ?

ನಡೆಯುವುದು ಹೀಗೆ. ಯಾವುದೋ ರಜಾದಿನ ಚರ್ಚ್ ಅಂಗಳದಲ್ಲೋ ಪಾರ್ಕಿಂಗ್ ಜಾಗದಲ್ಲೋ ಪೊಲೀಸರು ಮೇಜು ಹಾಕಿ ಕೂರುತ್ತಾರೆ. ಜನ ಗುಂಡು ತೆಗೆದ ಬಂದೂಕು ತಂದುಕೊಟ್ಟು ನಗದೋ ಗಿಫ್ಟ್ ಕಾರ್ಡೋ ಪಡೆಯುತ್ತಾರೆ. ಹೆಚ್ಚಿನ ಕಡೆ 'ನೀನ್ಯಾರು, ಇದು ಎಲ್ಲಿಂದ ಬಂತು' ಅಂತ ಕೇಳುವುದಿಲ್ಲ. ನಮ್ಮಲ್ಲಿ ಚುನಾವಣೆ ಬಂದಾಗ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸುತ್ತಾರಲ್ಲ, ಅದು ಬೇರೆ. ಅದು ಬರೀ ಠೇವಣಿ, ಚುನಾವಣೆ ಮುಗಿದ ಮೇಲೆ ಕೋವಿ ಮನೆಗೆ. ಇಲ್ಲಿ ಕೊಟ್ಟರೆ ಕೊಟ್ಟ ಹಾಗೇ.

ದುಡ್ಡು ಯಾರದು? 1974ರಲ್ಲಿ ಬಾಲ್ಟಿಮೋರ್ ನಗರ ಒಂದಕ್ಕೆ 50 ಡಾಲರ್‌ನಂತೆ ಕೊಟ್ಟು 13 ಸಾವಿರಕ್ಕೂ ಹೆಚ್ಚು ಬಂದೂಕು ಕೂಡಿಸಿತು. ಆಮೇಲೂ ಇದು ಬಹುಮಟ್ಟಿಗೆ ಊರೂರಿನ ಕೆಲಸವಾಗಿಯೇ ಉಳಿಯಿತು. ನಗರದ ಬಜೆಟ್, ಅಪರಾಧಿಗಳಿಂದ ಮುಟ್ಟುಗೋಲು ಹಾಕಿಕೊಂಡ ಹಣ, ದಾನಿಗಳ ದೇಣಿಗೆ, ಹೀಗೆ ಸಿಕ್ಕಿದ್ದನ್ನು ಕೂಡಿಸಿ ನಡೆಸುತ್ತಾರೆ. 1999ರಲ್ಲಿ ಕ್ಲಿಂಟನ್ ಸರ್ಕಾರ ವಸತಿ ಇಲಾಖೆಯ ಮೂಲಕ ಒಂದೂವರೆ ಕೋಟಿ ಡಾಲರ್ ಘೋಷಿಸಿತು. ಒಂದು ಪೊಲೀಸ್ ಇಲಾಖೆಗೆ ಗರಿಷ್ಠ 5 ಲಕ್ಷ ಡಾಲರ್. ವಸತಿ ಇಲಾಖೆ ಯಾಕೆ ಅಂದರೆ, ಗುರಿ ಇದ್ದದ್ದು ಸರ್ಕಾರಿ ವಸತಿ ಬಡಾವಣೆಗಳ ಸುತ್ತಮುತ್ತ. 2001ರಲ್ಲಿ ಬುಷ್ ಸರ್ಕಾರ ಬಂದು ಅದನ್ನು ನಿಲ್ಲಿಸಿತು.

ಆಸ್ಟ್ರೇಲಿಯಾದ ಕಥೆಯನ್ನು ಇದರ ಜೊತೆ ಸೇರಿಸಬಾರದು. 1996ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನ ಗುಂಡಿನ ದಾಳಿಗೆ 35 ಜನ ಸತ್ತ ಮೇಲೆ ಅಲ್ಲಿ ಕೆಲವು ಬಗೆಯ ಬಂದೂಕುಗಳನ್ನೇ ನಿಷೇಧಿಸಿದರು. ಕೊಡಲೇಬೇಕಿತ್ತು, ಪರಿಹಾರವೂ ಸಿಕ್ಕಿತು. ಖರ್ಚಿಗೆ ಮೆಡಿಕೇರ್ ತೆರಿಗೆಯನ್ನು (ಸರ್ಕಾರಿ ಆರೋಗ್ಯ ಸೇವೆಗಾಗಿ ಆದಾಯದ ಮೇಲೆ ಹಾಕುವ ತೆರಿಗೆ) ಒಂದು ವರ್ಷದ ಮಟ್ಟಿಗೆ ಶೇ 1.5ರಿಂದ 1.7ಕ್ಕೆ ಏರಿಸಿದರು. ಸುಮಾರು ಆರೂವರೆ ಲಕ್ಷ ಬಂದೂಕು ಬಂದವು. ಅಮೆರಿಕದಲ್ಲಿ ಮನಸ್ಸಿದ್ದವರು ಮಾತ್ರ ಕೊಡುತ್ತಾರೆ. ಹಾಗಾಗಿ ಬರುವುದು ಹೆಚ್ಚಾಗಿ ಅಜ್ಜನ ಕಾಲದ ತುಕ್ಕು ಹಿಡಿದ ಸಾಮಾನು. ಇದರಿಂದ ಗುಂಡಿನ ಅಪರಾಧ ಕಡಿಮೆಯಾಗುತ್ತದೆ ಎನ್ನಲು ಅಲ್ಲಿನ ಸಂಶೋಧಕರಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೂ ಮಕ್ಕಳಿರುವ ಮನೆಯ ಡ್ರಾಯರ್‌ನಿಂದ ಒಂದು ಪಿಸ್ತೂಲು ಹೊರಗೆ ಹೋದರೆ ಅದು ಸುಮ್ನೆ ಅಂತ ನನಗೆ ಅನಿಸುವುದಿಲ್ಲ.

ದುಡ್ಡು ಇದ್ದಲ್ಲಿ ಚಾಲಾಕಿಗಳೂ ಇರುತ್ತಾರೆ. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಒಬ್ಬ 3ಡಿ ಪ್ರಿಂಟರ್‌ನಲ್ಲಿ ಬಂದೂಕಿನ ಬಿಡಿಭಾಗ ಮಾಡಿ ತಂದು 21 ಸಾವಿರ ಡಾಲರ್‌ನ ಗಿಫ್ಟ್ ಕಾರ್ಡ್ ಗಿಟ್ಟಿಸಿದೆ ಎಂದು ಹೇಳಿಕೊಂಡ. ಆಮೇಲೆ ನಿಯಮ ಬಿಗಿಯಾಯಿತು.

ಕೊಂಡ ಬಂದೂಕನ್ನು ಸಾಮಾನ್ಯವಾಗಿ ನಾಶ ಮಾಡುತ್ತಾರೆ. ಅರಿಜೋನಾದಲ್ಲಿ ಹಾಗಿಲ್ಲ. 2013ರಲ್ಲಿ ಅಲ್ಲಿ ಮಾಡಿದ ಕಾನೂನಿನ ಪ್ರಕಾರ ಬೈಬ್ಯಾಕ್‌ನಲ್ಲಿ ಬಂದ ಬಂದೂಕನ್ನೂ ಸ್ಥಳೀಯ ಆಡಳಿತ ಲೈಸೆನ್ಸ್ ಇರುವ ವ್ಯಾಪಾರಿಗೆ ಮಾರಬೇಕು. ಅದೇ ಬಂದೂಕು ಸುತ್ತಿ ಬಳಸಿ ಮತ್ತೊಂದು ಬೈಬ್ಯಾಕ್‌ನ ಮೇಜಿಗೆ ಬಂದರೆ, ಆಗ ಮಾತ್ರ 'ವಾಪಸ್ ಖರೀದಿ' ಅನ್ನುವ ಪದ ಸರಿಯಾಗಿ ಕೂರುತ್ತದೆ.